ಬಂಡವ್ವನ ಕೆರೆ

ಗೊಡಚಿನಾಳದ ಪಡುವಣಕ್ಕೆ ಎರೆಹೊಲಗಳ ನಡುವೆ ಇರುವ ಕೆರೆಗೆ ಬಂಡವ್ವನ ಕೆರೆ ಎಂದು ಹೆಸರು. ಏರಿಯ ಮೇಲೆ ನಿಂತರೆ ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗಿನಲ್ಲಿ ಕುಂಬಾರ ಓಣಿ ಕಾಣುತ್ತದೆ. ಹೋದ ವರ್ಷ ಊರ ಹಿರಿಯರೆನಿಸಿಕೊಂಡವರು ಅಲ್ಲಿ ಒಂದು ಫಲಕ ನೆಡಿಸಿದರು. ಸುತ್ತ ಬಂಡೆಗಳಿದ್ದುದರಿಂದ ಈ ಹೆಸರು ಬಂತು, ಬಂಡವ್ವ ಊರಿಗೆ ನೀರು ಕರುಣಿಸಿದ ಶಾಂತಮೂರ್ತಿ ದೇವತೆ ಎಂದು ಅದರ ಮೇಲೆ ಬರೆಸಿದ್ದಾರೆ. ಕೋಲು ಊರಿದರೆ ಮೊಳದುದ್ದ ಇಳಿಯುವ ಈ ಎರೆಭೂಮಿಯಲ್ಲಿ ಬಂಡೆಗಳು ಎಲ್ಲಿಂದ ಬರಬೇಕು? ಅದನ್ನು ಓದಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಅವಳು ದೇವತೆಯಲ್ಲ, ಶಾಂತಮೂರ್ತಿಯಂತೂ ಅಲ್ಲವೇ ಅಲ್ಲ. ಅವಳು ನನ್ನ ಮುತ್ತಜ್ಜಿಯ ತಾಯಿ. ಹೆಸರು ಹುಲಿಗೆವ್ವ.

ಹಿಂದೆ ಒಮ್ಮೆ ಈ ಸೀಮೆ ಒಬ್ಬ ದೇಸಾಯಿಯ ಕೈಯಲ್ಲಿತ್ತು. ತನ್ನ ಕಬ್ಬಿನ ತೋಟಕ್ಕೆ ನೀರು ಬೇಕೆಂದು ಅವನು ಈ ಕೆರೆ ಕಟ್ಟಿಸಿದ. ಕಟ್ಟಿದವರು ನಮ್ಮ ಕೇರಿಯವರು, ಅದೂ ಬಿಟ್ಟಿಯಾಗಿ. ಹುಲಿಗೆವ್ವ ತುಂಬಿದ ಬಸುರಿಯಾಗಿ ಮಣ್ಣು ಹೊತ್ತಳು, ಏರಿಯ ಮೇಲೆಯೇ ಹೆತ್ತಳು. ಕೂಸನ್ನು ಜೋಳದ ದಂಟಿನ ನೆರಳಿಗೆ ಮಲಗಿಸಿ ಅದೇ ಸಂಜೆ ಮತ್ತೆ ಬುಟ್ಟಿ ಹೊರಬೇಕಾಯಿತು ಎನ್ನುತ್ತಾರೆ. ನಾವೆಲ್ಲ ಆ ಕೂಸಿನ ಸಂತಾನ. ಕೆರೆ ತುಂಬಿದ ಮೇಲೆ ದೇಸಾಯಿ ಅದಕ್ಕೆ ಕಾವಲು ಹಾಕಿದ. ನೀರು ಕಬ್ಬಿಗೆ, ಅವನ ಅರಮನೆಯಂಥ ವಾಡೆಯ ಕುದುರೆಗಳಿಗೆ, ವಾಡೆಗೆ ಗಡಿಗೆ ಮಾಡಿಕೊಡುತ್ತಿದ್ದ ಕುಂಬಾರರಿಗೆ. ಕಟ್ಟಿದವರಿಗೆ ಮಾತ್ರ ಇಲ್ಲ. ಕೇರಿಯ ಹೆಂಗಸರು ಹಳ್ಳದ ಉಸುಕು ತೋಡಿ ಬೊಗಸೆ ಬೊಗಸೆ ನೀರು ಬಸಿದುಕೊಂಡರು. ಒಂದು ಬೇಸಿಗೆಯಲ್ಲಿ ಅದೂ ಬತ್ತಿತು. ಕೊಡ ಹಿಡಿದು ಏರಿ ಹತ್ತಿದವರನ್ನು ಕಾವಲಿನವರು ಬಾರುಕೋಲಿನಿಂದ ಹೊಡೆದು ಕೆಳಗೆ ತಳ್ಳಿದರು.

ಮರುದಿನ ಮುಂಜಾನೆ, ಕಾವಲಿನವರು ರೊಟ್ಟಿ ತಿನ್ನಲು ವಾಡೆಗೆ ಹೋದ ಹೊತ್ತು ನೋಡಿ, ಹುಲಿಗೆವ್ವ ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಕೆರೆಯ ನೀರು ಬಿಡುವ ತೂಬಿನ ಬಳಿ ಬಂದಳು. ಅವಳ ನಾದಿನಿ ಈರವ್ವ ತಗ್ಗಿನ ಕಡೆ ನೋಡಿ ತಡೆದಳು.

“ವೈನಿ, ಕೆಳಗ ಕುಂಬಾರರು ಮಣ್ಣು ತಗ್ಯಾಕ ಬಂದಿರ್ತಾರ. ಓಡಿ ಹೋಗಿ ಹೇಳಿ ಬರ್ತೀನಿ.”

“ಅವರಿಗೆ ಹೇಳಿದ್ರ ವಾಡೇಕ್ಕ ಹೇಳಿದಂಗ. ಸುಮ್ನ ಹಾರಿ ಕೊಡಿಲ್ಲೆ,” ಎಂದು ಹುಲಿಗೆವ್ವ ಹಾರೆ ಕಸಿದುಕೊಂಡಳು.

ತೂಬಿನ ಕಲ್ಲು ಕಿತ್ತು ಬಂತು. ಅದರ ಜೊತೆಗೆ ಏರಿಯೂ ಬಾಯಿ ಬಿಟ್ಟಿತು. ನೀರು ಕೇರಿಯ ಹಳ್ಳಕ್ಕೆ ಹರಿಯಿತು ನಿಜ. ಅದಕ್ಕೂ ಮೊದಲು ಅದು ಕುಂಬಾರರ ಮಣ್ಣಿನ ತಗ್ಗಿಗೆ ನುಗ್ಗಿತು. ಕುಂಬಾರ ಓಣಿಯ ಮಲ್ಲವ್ವ ಎಂಬಾಕೆಯ ಗಂಡ ಅಲ್ಲಿ ಮಣ್ಣು ಅಗೆಯುತ್ತಿದ್ದ; ಅವನು, ಅವನ ಜೊತೆ ಬಂದಿದ್ದ ಪುಟ್ಟ ಮಗಳು ಇಬ್ಬರೂ ಕೊಚ್ಚಿ ಹೋದರು.

ದೇಸಾಯಿ ಹುಲಿಗೆವ್ವನನ್ನು ಹಿಡಿಸಿ ವಾಡೆಯ ಕಂಬಕ್ಕೆ ಕಟ್ಟಿಸಿದ. ಒಡೆದ ಏರಿ ಕಟ್ಟಲು ಬನ್ನಿ ಎಂದು ಕೇರಿಗೆ ಡಂಗುರ ಹೊಡೆಸಿದ. ಒಬ್ಬರೂ ಏಳಲಿಲ್ಲ. ಅವಳನ್ನು ಬಿಡುವವರೆಗೆ, ನೀರು ಎಲ್ಲರದೂ ಎನ್ನುವವರೆಗೆ ಬುಟ್ಟಿ ಮುಟ್ಟುವುದಿಲ್ಲ ಎಂದರು. ಹೊಡೆತ ತಿಂದರು, ಗುಡಿಸಲು ಸುಡಿಸಿಕೊಂಡರು, ಏಳಲಿಲ್ಲ. ಕಬ್ಬು ನಿಂತಲ್ಲೇ ಒಣಗಿತು. ಕೊನೆಗೆ ದೇಸಾಯಿ ಬಗ್ಗಿದ. ಬಿಟ್ಟಿ ನಿಂತಿತು, ಕೆರೆ ಎಲ್ಲರದಾಯಿತು.

ಬಿಡಿಸಿಕೊಂಡವಳನ್ನು ಕೇರಿಯವರು ಹಲಗೆ ಬಾರಿಸುತ್ತ ಕರೆತಂದರು. ದಾರಿ ಕುಂಬಾರ ಓಣಿಯ ಮೇಲೆಯೇ. ಅಲ್ಲಿ ಮಲ್ಲವ್ವ ನಡುಬೀದಿಯಲ್ಲಿ ನಿಂತಿದ್ದಳು.

“ಬಂದ್ಲು ನೋಡ್ರಿ ಬಂಡು ಎಬ್ಬಿಸಿದಾಕಿ! ನನ್ನ ಮನಿ ಮುಳುಗಿಸಿದ ಬಂಡವ್ವ!” ಎಂದು ಮಣ್ಣು ತೂರಿದಳು.

ಹಲಗೆ ನಿಂತಿತು. ಕೇರಿಯ ಗಂಡಸರು ಮಲ್ಲವ್ವನ ಮೇಲೆ ಏರಿ ಹೋದರು. ಹುಲಿಗೆವ್ವ ಅಡ್ಡ ನಿಂತಳು.

“ಯಾರೂ ಆಕಿನ್ನ ಮುಟ್ಟಬ್ಯಾಡ್ರಿ. ಕೆರಿ ಒಡದದ್ದು ತಪ್ಪಲ್ಲ ಮಲ್ಲವ್ವ. ಕೂಗಿ ಹೇಳದ ಒಡದದ್ದು ತಪ್ಪು. ಹೇಳಾಕ ಹೊಂಟಾಕಿನ್ನೂ ನಾನ ತಡದೆ. ಇವತ್ತಿನಿಂದ ನೀ ಇಟ್ಟದ್ದ ನನ್ನ ಹೆಸರು.”

ಮಲ್ಲವ್ವ ಕ್ಷಮಿಸಲಿಲ್ಲ. ಯಾಕೆ ಕ್ಷಮಿಸಬೇಕು? ಸಾಯುವವರೆಗೂ ಅವಳು ಆ ಹೆಸರನ್ನು ಬೈಗುಳವಾಗಿಯೇ ಆಡಿದಳು. ಕೇರಿಯವರು ಅದನ್ನೇ ಅಭಿಮಾನದಿಂದ ಕೂಗಿದರು. ಆಮೇಲೆ ಹುಲಿಗೆವ್ವ ಎಂದು ಕರೆದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲವಂತೆ. ದೇಸಾಯಿಯ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ. ಆ ಮುಂಜಾನೆಯ ಮಟ್ಟಿಗೆ ಅವಳ ಮೇಲೂ ಸಿಟ್ಟಿದೆ. ಆದರೂ ಅವಳು ನಮ್ಮವಳು. ಅವಳಿಲ್ಲದಿದ್ದರೆ ನಾವು ಇಂದಿಗೂ ಉಸುಕು ತೋಡುತ್ತಿದ್ದೆವು. ಅವಳ ತಪ್ಪನ್ನು ಒರೆಸಿ ಅರಿಶಿನ ಬಳಿಯಲು ಬರುವವರು ದೇಸಾಯಿಯ ಬಾರುಕೋಲನ್ನೂ, ಸತ್ತ ಆ ಹುಡುಗಿಯನ್ನೂ ಒಟ್ಟಿಗೇ ಒರೆಸುತ್ತಾರೆ.

ಇಂದಿಗೂ ತೂಬು ತೆಗೆಯುವ ದಿನ ಹೋದವರು ಇದನ್ನು ನೋಡಬಹುದು. ನಮ್ಮ ಮನೆತನದ ಹೆಣ್ಣುಮಗಳೊಬ್ಬಳು ಏರಿಯ ಮೇಲೆ ನಿಂತು, ತಗ್ಗಿನ ಕಡೆ ಮುಖ ಮಾಡಿ, “ನೀರು ಬಿಡ್ತೀವ್ರೋ!” ಎಂದು ಗಂಟಲು ಹರಿಯುವಂತೆ ಕೂಗುತ್ತಾಳೆ. ಕುಂಬಾರ ಓಣಿಯಿಂದ ಯಾರಾದರೂ “ಓ” ಎನ್ನಬೇಕು. ಅವರು ಕೆಲವೊಮ್ಮೆ ಬೇಕೆಂದೇ ತಡ ಮಾಡುತ್ತಾರೆ. ಅಲ್ಲಿಯವರೆಗೆ ಹೊಲಗಳು ಕಾಯುತ್ತವೆ, ನಾವೂ ಕಾಯುತ್ತೇವೆ.