ಉಪ್ಪು ತಪ್ಪಿದ ವೈಕುಂಠಯ್ಯ

ಬಹಳ ಕಾಲದ ಹಿಂದೆ, ಹೊಳೆಯ ದಂಡೆಯ ಮೇಲೆ ಒಂದು ಊರಿತ್ತಂತೆ. ಎಷ್ಟು ಕಾಲದ ಹಿಂದೆ ಎಂದು ಕೇಳಬೇಡಿ. ಮೂವರು ಮುದುಕಿಯರನ್ನು ನಾನೇ ಕೂರಿಸಿಕೊಂಡು ಕೇಳಿದ್ದೇನೆ. ಮೂವರೂ ಮೂರು ಥರ ಹೇಳಿದರು, ಮೂರನ್ನೂ ಹೇಳಿದವರ ಹೆಸರಿನ ಸಮೇತ ಬರೆದಿಟ್ಟಿದ್ದೇನೆ. ಒಂದಕ್ಕೊಂದು ಹೊಂದುವುದಿಲ್ಲ. ಊರಿನಲ್ಲಿ ಮಕ್ಕಳ ಆಸ್ಪತ್ರೆ ಇತ್ತು, ಅದರ ಎದುರಿಗೆ ಒಂದು ಛತ್ರ ಇತ್ತು, ಛತ್ರದಲ್ಲಿ ವೈಕುಂಠಯ್ಯ ಎಂಬ ಅಡುಗೆಯವನಿದ್ದ ಎನ್ನುವುದರಲ್ಲಿ ಮಾತ್ರ ಮೂವರೂ ಒಂದೇ.

ಸುತ್ತಲಿನ ಹಳ್ಳಿಗಳಿಗೆಲ್ಲ ಅದೊಂದೇ ಆಸ್ಪತ್ರೆಯಂತೆ. ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ, ತೆಪ್ಪ ಹತ್ತಿ ಬರುತ್ತಿದ್ದರಂತೆ, ಏನೂ ಸಿಗದವರು ಮಗುವನ್ನು ಹೆಗಲಿಗೆ ಹಾಕಿಕೊಂಡು ನಡೆದು ಬರುತ್ತಿದ್ದರಂತೆ. ಬಂದವರನ್ನು ಒಳಗೆ ಇರಗೊಡುತ್ತಿರಲಿಲ್ಲ. ಮಗು ಒಳಗೆ, ಮನೆಯವರು ಹೊರಗೆ. ಗಂಟೆ ಹೊಡೆದಾಗ ತಾಯಿಯಾದವಳು ಒಳಗೆ ಹೋಗಿ ಹಾಲು ಕೊಟ್ಟು ಬರಬೇಕು. ಮತ್ತೆ ಗಂಟೆ ಹೊಡೆಯುವ ತನಕ ಛತ್ರದ ಜಗಲಿಯೇ ಗತಿ. ಕಂಬಕ್ಕೆ ಒರಗಿ ಕೂರುವುದು, ಎದ್ದು ನಿಲ್ಲುವುದು, ಮತ್ತೆ ಕೂರುವುದು. ಜಗಲಿಯ ಕಂಬಗಳು ಬೆನ್ನು ತಾಗಿ ತಾಗಿ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿದ್ದವಂತೆ. ಆ ಕಂಬಗಳಲ್ಲಿ ಒಂದನ್ನು ನಾನೂ ಮುಟ್ಟಿ ನೋಡಿದ್ದೇನೆ. ಅದು ನಿಜ.

ವೈಕುಂಠಯ್ಯನಿಗೆ ಮೊದಲು ಈ ಜಗಲಿಯ ಜನರ ಗೊಡವೆಯೇ ಇರಲಿಲ್ಲವಂತೆ. ಅವನ ಲೋಕ ಒಲೆಯ ಮುಂದೆ. ಅಡುಗೆಯಾದ ಮೇಲೆ ದೇವರಿಗೆ ನೈವೇದ್ಯ, ನೈವೇದ್ಯ ಆಗುವ ತನಕ ಯಾರೂ ರುಚಿ ನೋಡುವ ಹಾಗಿಲ್ಲ, ಮಾಡಿದವನೂ ನೋಡುವ ಹಾಗಿಲ್ಲ. ಹಾಗಿದ್ದೂ ಅವನ ಕೈಯಲ್ಲಿ ಒಂದು ಹರಳು ಉಪ್ಪು ಹೆಚ್ಚು ಕಡಿಮೆ ಆದದ್ದಿಲ್ಲವಂತೆ. ಕೊಪ್ಪರಿಗೆಯ ಮೇಲೆ ಬಗ್ಗಿ ಆವಿಯ ವಾಸನೆ ಹಿಡಿಯುವುದು, ಬೊಗಸೆಯಲ್ಲಿ ಕಲ್ಲುಪ್ಪು ತೂಗುವುದು, ಹಾಕುವುದು. ಅಷ್ಟೇ. ಮದುವೆ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರು, "ಅಡುಗೆಗೆ ವೈಕುಂಠಯ್ಯನಿಗೆ ವೀಳ್ಯ ಕೊಟ್ಟಾಗಿದೆ" ಎಂದರೆ ಗಂಡಿನ ಕಡೆಯವರು ಮುಂದಿನ ಮಾತು ಬಿಡುತ್ತಿದ್ದರಂತೆ. ಅವನಿಗೂ ಜಂಭ ಇತ್ತು. "ರುಚಿ ನೋಡಿ ಉಪ್ಪು ಹಾಕುವವನು ಅಡುಗೆಯವನಲ್ಲ, ಹೊಟ್ಟೆಬಾಕ" ಎಂದು ಬೇರೆ ಅಡುಗೆಯವರನ್ನು ಹಂಗಿಸುತ್ತಿದ್ದನಂತೆ.

ಹೀಗಿರುವಾಗ ಒಂದು ಮಗು ಬಂತು. ತಾಯಿಯ ಹೆಸರು ದೇವೀರಮ್ಮ. ಜೊತೆಗೆ ಅವಳ ಅತ್ತೆ ಮಂಚಮ್ಮ. ಮಗುವಿಗೆ ಜ್ವರ, ಕಣ್ಣು ಬಿಡುತ್ತಿರಲಿಲ್ಲ. ಮೇಲುಹಾಲು ಹಾಕಿದರೆ ಹೊರಗೆ ಬರುತ್ತಿತ್ತು, ಎದೆಹಾಲು ಮಾತ್ರ ಹನಿ ಹನಿ ಇಳಿಯುತ್ತಿತ್ತಂತೆ. ಆ ಸೀಮೆಯ ಹೆಂಗಸರಲ್ಲಿ ಒಂದು ನಡವಳಿಕೆ ಇತ್ತು. ಮಗು ಕಾಯಿಲೆ ಬಿದ್ದು ಮಲಗಿದರೆ ತಾಯಿ ತನ್ನ ಹೊಟ್ಟೆಯನ್ನು ದೇವಿಗೆ ಒಪ್ಪಿಸುವುದು. ದೇವೀರಮ್ಮ, ಮಗು ನಗುವ ತನಕ ಎಲೆಯ ಮುಂದೆ ಕೂರುವುದಿಲ್ಲ ಎಂದು ಊರ ಮಾರಮ್ಮನಿಗೆ ಮಾತು ಕೊಟ್ಟು ಗಾಡಿ ಹತ್ತಿದ್ದಳಂತೆ.

ಮೂರು ದಿನ ಕಳೆಯಿತು. ಹಾಲು ಬತ್ತುತ್ತಾ ಬಂತು. ಆಸ್ಪತ್ರೆಯ ಡಾಕ್ಟರಮ್ಮ ಜಗಲಿಗೇ ಬಂದು ಹೇಳಿದರಂತೆ: ಈ ಮಗುವಿಗೆ ನನ್ನ ಔಷಧಿ ಅರ್ಧ, ಇವಳ ಹಾಲು ಅರ್ಧ. ಇವಳು ಉಣ್ಣದಿದ್ದರೆ ನನ್ನ ಅರ್ಧವನ್ನು ತೆಗೆದುಕೊಂಡು ನಾನೇನು ಮಾಡಲಿ? ಅಷ್ಟು ಹೇಳಿ ಹೋದರಂತೆ. ಅವರಿಗೂ ಸಾಕಾಗಿತ್ತು.

ಮಂಚಮ್ಮ ಬೈದಳು, ಅತ್ತಳು, ಕೊನೆಗೆ ಅಡುಗೆಮನೆ ಬಾಗಿಲಿಗೆ ಬಂದು ನಿಂತಳಂತೆ.

"ಅಯ್ನೋರೆ, ಒಂದು ಮಾತು ಹೇಳಿ ನೋಡಿ. ನಾನು ಹೇಳಿದ್ರೆ ಕೇಳಾಕಿಲ್ಲ ಅಂತಾವ್ಳೆ. ಅತ್ತೆ ಮಾತು ಯಾವ ಸೊಸೆ ಕೇಳಾಳು?"

"ನಾನು ಅಡುಗೆಯವನಮ್ಮ. ಉಣ್ಣುವವರಿಗೆ ಬಡಿಸುತ್ತೇನೆ. ಉಣ್ಣದವರಿಗೆ ನಾನೇನು ಹೇಳಲಿ?"

"ನಿಮ್ಮ ಕೈಯಡುಗೆ ಅಂದ್ರೆ ಸತ್ತೋರು ಎದ್ದು ಕೂತ್ಕತಾರಂತೆ. ಇವಳು ಬದುಕವ್ಳೆ, ಏಳಾಕಿಲ್ವಾ?"

ಹೊಗಳಿಕೆಗೆ ಕರಗಿದ ಎನ್ನುತ್ತಾರೆ. ತುಪ್ಪದಲ್ಲಿ ಜೀರಿಗೆ ಮೆಣಸು ಹುರಿದು ಸಾರು ಮಾಡಿ, ಬಿಸಿ ಅನ್ನ ಕಲಸಿ, ತಾನೇ ತೆಗೆದುಕೊಂಡು ಹೋದನಂತೆ. ಅವಳು ಮುಖ ಆ ಕಡೆ ತಿರುಗಿಸಿದಳು. ಅವನ ಜನ್ಮದಲ್ಲಿ ಅವನ ಅಡುಗೆಗೆ ಮುಖ ತಿರುಗಿಸಿದವರು ಅವಳೊಬ್ಬಳೇ. ಸೋಲು ಅವನಿಗೆ ಗೊತ್ತಿರಲಿಲ್ಲ. ಅದಕ್ಕೇ ಮಾಡಬಾರದ ಕೆಲಸ ಮಾಡಿದ.

"ಏಳು ತಾಯಿ. ಮಗು ನಕ್ಕಿತಂತೆ. ಈಗ ಡಾಕ್ಟರಮ್ಮ ಹೇಳಿಕಳಿಸಿದರು" ಎಂದನಂತೆ.

ದೇವೀರಮ್ಮ ಎಲೆಯ ಮುಂದೆ ಕೂತಳು. ಒಂದು ತುತ್ತು ಬಾಯಿಗಿಟ್ಟಳು. ಎರಡನೆಯ ತುತ್ತನ್ನು ಅಲ್ಲೇ ಬಿಟ್ಟು, ಎಂಜಲು ಕೈಯಲ್ಲೇ ರಸ್ತೆ ದಾಟಿ ಓಡಿದಳಂತೆ. ಒಳಗೆ ಮಗು ಮೊದಲಿನ ಹಾಗೆಯೇ ಕಣ್ಣು ಮುಚ್ಚಿಕೊಂಡು ಮಲಗಿತ್ತು. ಆಚೆಗೆ ಬಂದವಳು ಹೊಂಗೆ ಮರದ ಬುಡದಲ್ಲಿ ಬೆರಳು ಹಾಕಿ ಆ ತುತ್ತನ್ನು ಕಕ್ಕಿದಳಂತೆ. ಆಮೇಲೆ ವೈಕುಂಠಯ್ಯನ ಎದುರು ನಿಂತು ಹೇಳಿದಳಂತೆ, "ಅಯ್ನೋರೆ, ನನ್ನ ಮಾತ ನಿಮ್ಮ ಕೈಯಾರ ಮುರಿಸಿದ್ರಿ. ಇನ್ನು ನೀವು ಸೂರ್ಯ ಹುಟ್ಟಿದ ಅಂದ್ರೂ ನಾನು ನಂಬಾಕಿಲ್ಲ."

ಅಲ್ಲಿಯ ತನಕ ಜೀವ ಹಿಡಿಯಲು ಕುಡಿಯುತ್ತಿದ್ದ ಮಜ್ಜಿಗೆ ನೀರನ್ನೂ ಬಿಟ್ಟಳು. ಮುರಿದ ಹರಕೆಗೆ ತಪ್ಪುಕಾಣಿಕೆ ಅದು.

ಮಾರನೆಯ ದಿನ ಏಕಾದಶಿ. ಛತ್ರದ ಒಲೆ ಹಚ್ಚುವ ಹಾಗಿಲ್ಲ. ವೈಕುಂಠಯ್ಯನಿಗೆ ಮಾಡಲು ಕೆಲಸವಿಲ್ಲ, ಜಗಲಿಯ ಜನರಂತೆ ಅವನೂ ಕಂಬಕ್ಕೆ ಒರಗಿ ಕೂತನಂತೆ. ಇಡೀ ದಿನ ಕೂತ. ಕೂರುವುದು ಎಷ್ಟು ಕಷ್ಟದ ಕೆಲಸ ಎಂದು ಅವನಿಗೆ ಅವತ್ತು ಗೊತ್ತಾಯಿತಂತೆ. ಗಂಡಸರು ತಮ್ಮ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲಿಟ್ಟುಕೊಂಡಿದ್ದರು. ಅಜ್ಜಿಯೊಬ್ಬಳು ಬಿಚ್ಚಿದ ಗಂಟನ್ನೇ ಮತ್ತೆ ಕಟ್ಟುತ್ತಿದ್ದಳು. ದೇವೀರಮ್ಮ ಯಾರು ಏನು ಕೊಟ್ಟರೂ ಕೈ ಚಾಚಲಿಲ್ಲ. ಆದರೆ ಮಧ್ಯಾಹ್ನ ಗಾಳಿ ಬೀಸಿ, ಹಗ್ಗದ ಮೇಲಿದ್ದ ಯಾರದೋ ಮಗುವಿನ ಬಟ್ಟೆ ಮಣ್ಣಿಗೆ ಬಿತ್ತು. ಅವಳು ಎದ್ದಳು. ತಲೆ ಸುತ್ತಿ ಕಂಬ ಹಿಡಿದುಕೊಂಡಳು, ಆದರೂ ಹೋದಳು. ಬಟ್ಟೆ ಎತ್ತಿ ಒದರಿ, ನೀರಿಗೆ ಹಾಕಿ ಹಿಂಡಿ, ಮತ್ತೆ ಹರವಿ ಬಂದು ಕೂತಳು. ವೈಕುಂಠಯ್ಯ ಅದನ್ನು ನೋಡಿದನಂತೆ.

ದ್ವಾದಶಿ ಬೆಳಿಗ್ಗೆ ಪಾರಣೆ. ಹಿಂದಿನ ದಿನವೆಲ್ಲ ಉಪವಾಸವಿದ್ದ ಊರಿನ ಹಿರಿಯರು ಹೊತ್ತು ಹುಟ್ಟುವ ಮುಂಚೆಯೇ ಮಿಂದು ಬಂದು ಪಂಕ್ತಿಯಲ್ಲಿ ಕೂತರು. ಕೆಲವರು ಅದು ಮದುವೆಯ ಪಂಕ್ತಿ ಎನ್ನುತ್ತಾರೆ. ನಾನು ವಿಚಾರಿಸಿದ ಮಟ್ಟಿಗೆ ಪಾರಣೆಯೇ ಸರಿ. ಸಾರು ಬಡಿಸಿದರು. ಮೊದಲ ತುತ್ತಿಗೇ ಶಾನುಭೋಗರ ಮುಖ ಕಿವುಚಿತಂತೆ.

"ಏನಯ್ಯ ವೈಕುಂಠ, ಸಾರು ಮಾಡಿದೆಯೋ, ಸಮುದ್ರವನ್ನೇ ತುಂಬಿಕೊಂಡು ಬಂದೆಯೋ?"

"ಇಪ್ಪತ್ತು ವರ್ಷದ ಉಪ್ಪನ್ನೆಲ್ಲ ಒಂದೇ ಸಲ ಸುರಿದಿದ್ದಾನೆ" ಎಂದು ಇನ್ನೊಬ್ಬರು.

"ರುಚಿ ನೋಡುವವನು ಹೊಟ್ಟೆಬಾಕ ಅಂತಿದ್ದೆಯಲ್ಲ, ಈಗ ನೋಡು, ಕೆಟ್ಟ ಹೊಟ್ಟೆ ನಿಂದಲ್ಲ, ನಮ್ಮದು!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಕೆಲವರು ಅರ್ಧಕ್ಕೇ ಕೈ ತೊಳೆದರು. ಆ ನಗು ಜಗಲಿಯ ತನಕ ಕೇಳಿಸಿತು. ವೈಕುಂಠಯ್ಯ ಸೌಟು ಹಿಡಿದುಕೊಂಡು ಜಗಲಿಗೆ ಬಂದ. ದೇವೀರಮ್ಮನ ಎದುರು ನಿಂತ.

"ತಾಯಿ, ಜನ ನಗುವುದು ಕೇಳಿಸಿತಲ್ಲ. ನನ್ನ ಕೈ ಕೆಟ್ಟಿದೆ. ನಾನು ರುಚಿ ನೋಡುವ ಹಾಗಿಲ್ಲ, ನನ್ನ ನೇಮ. ನೀನೊಂದು ಉಪಕಾರ ಮಾಡು. ಉಪ್ಪು ನೋಡಿ ಹೇಳು."

ಅವನ ಮಾತನ್ನು ಅವಳು ನಂಬುವ ಹಾಗಿರಲಿಲ್ಲ. ಆದರೆ ಆ ನಗು ಸುಳ್ಳಾಗಿರಲಿಲ್ಲ. ಎಲೆ ಇಲ್ಲ, ಕೂರುವುದಿಲ್ಲ, ಹರಕೆ ಮುರಿಯುವುದಿಲ್ಲ. ಯಾರಿಗೋ ಆಗಬೇಕಾದ ಕೆಲಸ. ಅವಳು ಎದ್ದು ನಿಂತು ಅಂಗೈ ಚಾಚಿದಳು. ಅವನು ಸೌಟಿನಿಂದ ಒಂದು ಗುಟುಕು ಹಾಕಿದ.

"ವಿಷ ಆಗೈತೆ ಅಯ್ನೋರೆ" ಎಂದಳಂತೆ.

ಒಳಗೆ ಹೋಗಿ ಬೇಳೆ ಕಟ್ಟು ಸೇರಿಸಿ ತಂದ. "ಇನ್ನೂ ಜಾಸ್ತಿ." ಅನ್ನ ಹಿಸುಕಿ ಹಾಕಿ ತಂದ. "ಇನ್ನೊಂಚೂರು." ಬೆಲ್ಲ ಹಾಕಿದ. "ಈಗ ಸಿಹಿಯಾಯ್ತು, ಅಡುಗೆ ಯಾರು ಕಲಿಸಿದ್ರು ನಿಮಗೆ?" ಎಂದು ಅವಳೇ ಗದರಿದಳಂತೆ. ಹೀಗೆ ಗುಟುಕು ಗುಟುಕಾಗಿ ಒಂದು ಹೊತ್ತಿನ ಊಟದಷ್ಟು ಒಳಗೆ ಹೋಯಿತು. ಮಂಚಮ್ಮ ಕಂಬದ ಹಿಂದೆ ನಿಂತು ಸೆರಗು ಬಾಯಿಗೆ ತುರುಕಿಕೊಂಡಿದ್ದಳಂತೆ, ಸದ್ದು ಬರಬಾರದೆಂದು. ಸಂಜೆಗೆ ಹುಳಿ ಕೆಟ್ಟಿತು. ಮಾರನೆಯ ದಿನ ಗೊಜ್ಜು ಕೆಟ್ಟಿತು. ಐದನೆಯ ದಿನ ಹಾಲು ತುಂಬಿಕೊಂಡಿತು. ಒಂಬತ್ತನೆಯ ದಿನ ಮಗು ಕಣ್ಣು ಬಿಟ್ಟಿತು. ನಕ್ಕದ್ದು ಯಾವತ್ತು ಎಂದು ಯಾರೂ ಹೇಳುವುದಿಲ್ಲ, ಅವರು ಮನೆಗೆ ಹೋದ ಮೇಲೆ ಇರಬೇಕು.

ಅವರು ಹೋದರು. ಜಗಲಿ ಖಾಲಿಯಾಗಲಿಲ್ಲ. ಅದೇ ಕಂಬಕ್ಕೆ ಇನ್ನೊಬ್ಬಳು ಬಂದು ಒರಗಿದಳು. ವೈಕುಂಠಯ್ಯ ಮತ್ತೆ ಹಳೆಯ ಹದಕ್ಕೆ ಉಪ್ಪು ಹಾಕಿದ್ದರೆ ಅವನ ಹೆಸರು ಉಳಿಯುತ್ತಿತ್ತು. ಒಂದು ದಿನದ ತಪ್ಪು ಎಂದು ಜನ ಮರೆಯುತ್ತಿದ್ದರು. ಆದರೆ ಉಪ್ಪು ಸರಿಯಾಗಿದ್ದರೆ ನೋಡಲು ಯಾರನ್ನು ಕರೆಯುವುದು? ಅವನು ದಿನವೂ ಕೆಡಿಸಿದ. ಮದುವೆಗೆ ಕರೆಯುವವರು ನಿಂತರು. ಅವನ ಮಗಳ ಮದುವೆಗೆ ಬೀಗರು ಬೇರೆ ಅಡುಗೆಯವನನ್ನು ಗೊತ್ತುಮಾಡಿ, "ಭಾವನವರು ಅವತ್ತೊಂದು ದಿನ ಒಲೆಯ ಕಡೆ ಬಾರದಿದ್ದರೆ ಸಾಕು" ಎಂದು ಹೇಳಿಕಳಿಸಿದರಂತೆ. ಅವನು ಒಲೆಯ ಕಡೆ ಹೋಗಲಿಲ್ಲ. ಎಲೆಗಳ ಮೇಲೆ ನೀರು ಚಿಮುಕಿಸುತ್ತಾ ನಿಂತಿದ್ದನಂತೆ. ಹೆಂಡತಿ ಆ ದಿನದಿಂದ ಅವನ ಜೊತೆ ಹೆಚ್ಚು ಮಾತಾಡಲಿಲ್ಲ ಎಂದೂ ಒಬ್ಬರು ಹೇಳಿದರು.

ಡಾಕ್ಟರಮ್ಮ ಒಮ್ಮೆ ಕೇಳಿದರಂತೆ, "ಏನಯ್ಯ, ನಿನ್ನ ಕೈಗೆ ಏನಾಗಿದೆ? ತೋರಿಸು, ನೋಡುತ್ತೇನೆ."

"ಬೇಡ ಅಮ್ಮ. ನೀವು ನೋಡಿದರೆ ವಾಸಿಯಾಗಿಬಿಡುತ್ತದೆ" ಎಂದನಂತೆ.

ಕೂತವರಿಗೆ ಕೆಲಸ ಕೊಡುವುದು ಅವನ ಅಭ್ಯಾಸವಾಯಿತು. ಗಂಡಸರ ಕೈಗೆ ಸೌದೆ ಒಡೆಯಲು ಕೊಡಲಿ. ಆ ಸೌದೆಯಿಂದಲೇ ಹಂಡೆ ಕಾಯಿಸಿ, ಅವರಿಗೇ ಬೆನ್ನಿಗೆ ಬಿಸಿನೀರು. ಅಜ್ಜಿಯರಿಗೆ ಬಿಡಿಸಲು ಅವರೆಕಾಯಿ. ಚಳಿಯಲ್ಲಿ ಇಟ್ಟಿಗೆ ಕಾಯಿಸಿ, ಗೋಣಿಯಲ್ಲಿ ಸುತ್ತಿ, "ಇದು ಆರದ ಹಾಗೆ ಕಾಲ ಹತ್ತಿರ ಇಟ್ಟುಕೊಂಡಿರಿ, ನನಗೆ ಬೆಳಿಗ್ಗೆ ಬೇಕು" ಎನ್ನುತ್ತಿದ್ದನಂತೆ. ಆದರೆ ಒಂದನ್ನು ಅವನು ಮತ್ತೆಂದೂ ಮಾಡಲಿಲ್ಲ. ಯಾರಿಗೂ ಸುಳ್ಳು ಧೈರ್ಯ ಹೇಳಲಿಲ್ಲ. "ಅಯ್ನೋರೆ, ನಮ್ಮ ಮಗ ಉಳೀತದಾ?" ಎಂದು ಕೇಳಿದರೆ, "ಗೊತ್ತಿಲ್ಲ ತಾಯಿ. ಬಾ, ಉಪ್ಪು ನೋಡು" ಎನ್ನುತ್ತಿದ್ದನಂತೆ. ಅಷ್ಟೇ ಮಾತು. ಬೆಳಿಗ್ಗೆ ಅದೇ, ಸಂಜೆ ಅದೇ, ವರ್ಷಗಟ್ಟಲೆ ಅದೇ.

ಎಲ್ಲ ಮಕ್ಕಳೂ ಉಳಿಯಲಿಲ್ಲ. ಅವನ ಸಾರಿನ ಉಪ್ಪಿಗೆ ಜ್ವರ ಇಳಿಯುತ್ತಿತ್ತು ಎಂದು ಹೇಳುವವರಿದ್ದಾರೆ. ಅದನ್ನು ನಾನು ಬರೆದುಕೊಂಡಿಲ್ಲ. ಬರೆದುಕೊಂಡದ್ದು ಇದು: ಮಗು ತೀರಿಕೊಂಡ ತಾಯಿಯೊಬ್ಬಳು ಇದ್ದಳು, ಬುಟ್ಟಿ ಹೆಣೆಯುವವರ ಪೈಕಿ. ಮಣ್ಣು ಮಾಡಿ ಬಂದ ಮೇಲೂ ಅವಳು ಊರಿಗೆ ಹೋಗದೆ ಜಗಲಿಯಲ್ಲೇ ಕೂತಳು. ಗಂಟೆ ಹೊಡೆದಾಗ ಏಳುತ್ತಿದ್ದಳು, ಮತ್ತೆ ಕೂರುತ್ತಿದ್ದಳು. ವೈಕುಂಠಯ್ಯನಿಗೆ ಅವಳನ್ನು ಕರೆಯಲು ಬಾಯಿ ಬರಲಿಲ್ಲವಂತೆ. ಎರಡನೆಯ ದಿನ ಅವಳೇ ಅಡುಗೆಮನೆ ಬಾಗಿಲಿಗೆ ಬಂದಳು.

"ಸಾಮಿ, ಇವತ್ತು ಉಪ್ಪು ಯಾರೂ ನೋಡ್ಲಿಲ್ವಾ?"

ಅವನು ಸೌಟು ಎತ್ತಿದನಂತೆ. ಅವಳ ಅಂಗೈಗೆ ಒಂದು ಗುಟುಕು ಹಾಕಿದನಂತೆ. ಅವಳು ನೋಡಿ, "ಸಪ್ಪೆ" ಎಂದು ಹೇಳಿ, ತಾನೇ ಒಂದು ಹರಳು ಹಾಕಿ, ಊರ ದಾರಿ ಹಿಡಿದಳಂತೆ.

ಇಷ್ಟೆಲ್ಲ ಬೇಕೆಂದೇ ಮಾಡಿದ್ದು ಎಂದು ಹೇಗೆ ಗೊತ್ತಾಯಿತು ಎನ್ನುತ್ತೀರಿ. ದೇವರ ನೈವೇದ್ಯಕ್ಕೆ ಅವನು ದಿನವೂ ಮೊದಲೇ ಒಂದು ಚಿಕ್ಕ ಪಾತ್ರೆಯಲ್ಲಿ ಬೇರೆ ಎತ್ತಿಡುತ್ತಿದ್ದ. ಅದನ್ನು ಉಣ್ಣುತ್ತಿದ್ದವರು ನೈವೇದ್ಯ ಮಾಡುತ್ತಿದ್ದ ಗುಡಿಯ ಅರ್ಚಕರೊಬ್ಬರೇ. ಊರೆಲ್ಲ ವೈಕುಂಠಯ್ಯನ ಕೈ ಕೆಟ್ಟಿತು ಎಂದು ನಗುತ್ತಿದ್ದಾಗ, ಆ ಪಾತ್ರೆಯಲ್ಲಿ ಒಂದು ದಿನವೂ ಉಪ್ಪು ತಪ್ಪಿರಲಿಲ್ಲ. ಅರ್ಚಕರು ಉಂಡರು, ತಿಳಿದುಕೊಂಡರು, ಸುಮ್ಮನಿದ್ದರು. ವೈಕುಂಠಯ್ಯ ತೀರಿಕೊಂಡು ಹದಿಮೂರನೆಯ ದಿನ, ಪಂಕ್ತಿಯ ನಡುವೆ ಎದ್ದು ನಿಂತು ಹೇಳಿದರಂತೆ. ಅಂದು ಅರ್ಧಕ್ಕೆ ಕೈ ತೊಳೆದಿದ್ದ ಶಾನುಭೋಗರು ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡೆದ್ದರಂತೆ. ಅರ್ಚಕರ ಮೊಮ್ಮಗಳ ಬಾಯಿಂದ ಕೇಳಿದ್ದು ನಾನು.

ಛತ್ರ ಈಗಿಲ್ಲ, ಒಂದು ಕಂಬ ಮಾತ್ರ ಉಳಿದಿದೆ. ಹೊಳೆ ದೂರ ಸರಿದಿದೆ. ಆದರೆ ಆ ಸೀಮೆಯಲ್ಲಿ ಮಗುವನ್ನು ಆಸ್ಪತ್ರೆಗೆ ಸೇರಿಸಿ ಮನೆಯವರು ಒಂದು ಗಳಿಗೆ ಬಟ್ಟೆ ಬದಲಾಯಿಸಲು ಮನೆಗೆ ಬಂದರೆ, ನೆರೆಯವರು ಒಂದು ಪಾತ್ರೆ ಸಾರು ತರುತ್ತಾರೆ. ಅದಕ್ಕೆ ಉಪ್ಪು ಹಾಕಿರುವುದಿಲ್ಲ. ಮಗು ಹೇಗಿದೆ ಎಂದು ಕೇಳುವುದಿಲ್ಲ, ಊಟ ಮಾಡಿ ಎಂದೂ ಹೇಳುವುದಿಲ್ಲ. "ಉಪ್ಪು ಹಾಕಿಲ್ಲ, ನೀವೇ ನೋಡಿ ಹಾಕಿಕೊಳ್ಳಿ" ಎಂದಷ್ಟೇ ಹೇಳಿ ಪಾತ್ರೆ ಕೊಡುತ್ತಾರೆ. ಕೊಟ್ಟು ತಕ್ಷಣ ಹೋಗುವುದಿಲ್ಲ. ಒಳಗಿನಿಂದ ಪಾತ್ರೆಗೆ ಸೌಟು ತಾಗಿದ ಸದ್ದು ಕೇಳುವ ತನಕ ಹೊಸಿಲಿನ ಆಚೆ ನಿಂತಿರುತ್ತಾರೆ. ಕೇಳಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ.