ಏಡಿ ಕಂಡದ್ದು, ಗೊರವಂಕ ಹೇಳಿದ್ದು

ಕೆರೆಯ ಏರಿಯೊಳಗೇ ಬಾಳಿದ್ದ ಮುದಿ ಏಡಿಯೊಂದು, ತೂಬಿನ ಪಕ್ಕದ ಮಣ್ಣನ್ನು ನೀರು ಒಳಗಿಂದೊಳಗೇ ಕೊರೆಯುತ್ತಿರುವುದನ್ನು ಪತ್ತೆಮಾಡಿತು. ಅದಕ್ಕೆ ನಾಲ್ಕು ಜನರೆದುರು ಮಾತಾಡಿ ಗೊತ್ತಿರಲಿಲ್ಲ. ಮಾತಿನಮಲ್ಲಿ ಗೊರವಂಕವನ್ನು ಕರೆದು, “ತಂಗೀ, ದೊಡ್ಡ ಮಳೆಗೆ ಏರಿ ಒಡೆಯುತ್ತದೆ. ಅಷ್ಟರಲ್ಲಿ ಮೀನುಗಳೆಲ್ಲ ಹಳ್ಳ ಹತ್ತಿ ಮೇಲಿನ ಮಡುವಿಗೆ ಹೋಗಲಿ, ತಿಳಿಸು” ಎಂದಿತು.

ಗೊರವಂಕ ದಡದ ಜಾಲಿಯ ಮೇಲೆ ಕೂತು ಮಣ್ಣಿನ ಮಾತು ತೆಗೆಯಿತು. ಮೀನುಗಳು ಒಂದೊಂದಾಗಿ ಜಾರಿಕೊಂಡವು. ಕೇಳುವವರು ಜಾರಿಕೊಂಡರೆ ಗೊರವಂಕಕ್ಕೆ ಜೀವ ಹೋದಂತೆ. ತಟ್ಟನೆ ಮಾತು ಹೊರಳಿಸಿ, “ಪಾಪ, ಏನನ್ನೋ ಹುಡುಕುತ್ತ ಮಣ್ಣು ಬಗೆದು ಬಗೆದೇ ಏಡಿಯಣ್ಣನ ಕಾಲು ಮುರಿಯಿತು. ಹೆಂಡತಿ ಸತ್ತ ದಿನವೂ ಅವನು ಬಿಲದಲ್ಲೇ ಇದ್ದ” ಎಂದಿತು.

ಹೋದ ಮೀನುಗಳೆಲ್ಲ ತಿರುಗಿ ಬಂದವು. “ಅಯ್ಯೋ! ಆಮೇಲೆ?”

ಗೊರವಂಕ ದಿನವೂ ಏಡಿಯ ಬಾಳನ್ನೇ ಬಣ್ಣಿಸಿತು. ಮಣ್ಣಿನ ಮಾತು ನಾಳೆಗಾಯಿತು ಎಂದುಕೊಂಡಿತು.

“ಹೇಳಿದೆಯಾ, ತಂಗೀ?” ಎಂದು ಏಡಿ ಕೇಳಿತು.

“ಕೆರೆಗೆ ಕೆರೆಯೇ ನಿನ್ನನ್ನು ನೆನೆದು ಅಳುತ್ತಿದೆ, ಅಣ್ಣಾ.”

“ನನ್ನ ಸುದ್ದಿ ಯಾರಿಗೆ ಬೇಕಿತ್ತು? ಅವರು ಹೊರಟರಾ?”

ಗೊರವಂಕ ಪುಕ್ಕ ಕೆದರಿಕೊಂಡು ಜಾಲಿಯತ್ತ ಹಾರಿತು.

ದೊಡ್ಡ ಮಳೆ ಬಂತು. ಏಡಿಯ ಸಮೇತ ಏರಿ ಕೊಚ್ಚಿಹೋಯಿತು. ನೀರೆಲ್ಲ ಹರಿದುಹೋದ ಕೆರೆಯ ಕೆಸರಿನಲ್ಲಿ ಮೀನುಗಳು ಬಾಯಿ ಬಾಯಿ ಬಿಡುತ್ತಿದ್ದವು. ಗೊರವಂಕ ಜಾಲಿಯ ಮೇಲೆ ಬಂದು ಕೂತಿತು. ಮುದಿ ಮೀನೊಂದು ಕಣ್ಣೆತ್ತಿ ಕೇಳಿತು: “ಏಡಿಯಣ್ಣ ಕಾಲು ಮುರಿದುಕೊಂಡು ಏನನ್ನೋ ಹುಡುಕಿದ ಅಂದೆಯಲ್ಲ ಮಗಳೇ, ಅದೇನು?”

ಗೊರವಂಕ ಹೇಳಿತು. ಈ ಸಲ ಯಾರೂ ಜಾರಿಕೊಳ್ಳಲಿಲ್ಲ.