ಮುಷ್ಟಿಯೊಳಗಿನ ಮಣ್ಣು

ಲಗಮಪ್ಪ ವಸ್ತಾದರು ತೊಡೆ ತಟ್ಟಿದರೆ ಹೊಳೆ ಮೂರು ಮಾರು ಹಿಂದೆ ಸರಿಯುತ್ತಿತ್ತು. ನಾಲ್ಕು ಎನ್ನುವವರೂ ಇದ್ದಾರೆ, ಅದೇ ಖರೆ.

ಅಂಥ ಕುಸ್ತಿ ಗುರುವಿನ ಗರಡಿ ಹೊಳೆಯ ದಂಡೆಯ ಮೇಲೆ. ಒಳಗೆ ಕೆಂಪು ಮಣ್ಣಿನ ಕಣ, ಗೋಡೆಗೆ ನಲವತ್ತು ವರ್ಷ ಹಳೆಯ ಒಂದೇ ಒಂದು ಪಟ.

ಪಟದಲ್ಲಿ ಊರ ಹೊರಗಿನ ಕೇರಿಯ ಹುಡುಗ ಲಗಮಪ್ಪ, ತಾನು ಆಗಷ್ಟೇ ಚಿತ್ ಮಾಡಿದ ಬಾಳಗೌಡನ ಹೆಗಲ ಮೇಲೆ ಕೂತಿದ್ದ. ಸೋತ ಗೌಡನೇ ಗೆದ್ದವನನ್ನು ಎತ್ತಿದ್ದ. ಪೇಪರಿನಲ್ಲಿ ಆ ಪಟ ಬಂದದ್ದೇ ತಡ, ಏಳು ಹಳ್ಳಿಯ ಗರಡಿಗಳು ಕೇರಿಯವರಿಗೆ ಬಾಗಿಲು ತೆರೆದವು. ಊರ ಬಾವಿಗೆ ಕೇರಿಯ ಹಗ್ಗವೂ ಇಳಿಯಿತು.

ಶಿಷ್ಯ ಪರಸಪ್ಪ ಅದೇ ಕೇರಿಯವನು. ದಿನಾ ಮುಂಜಾನೆ ಮೊದಲು ಪಟಕ್ಕೆ ಕೈ ಮುಗಿಯುತ್ತಿದ್ದ, ಆಮೇಲೆ ಗುರುವಿಗೆ.

ಆವತ್ತು ಕೈ ಮುಗಿಯಲಿಲ್ಲ. ಬಲಗೈ ಮುಷ್ಟಿ ಕಟ್ಟಿತ್ತು.

"ಏನಲೇ ಪರಸ್ಯಾ, ಗೆದ್ದು ಬಂದಾವ ಸೋತವರಂಗ ಮಾರಿ ಮಾಡ್ಕೊಂಡು ನಿಂತೀಯಲ್ಲ?"

"ವಸ್ತಾದ್ರ, ನಿನ್ನೆ ಕುಸ್ತಿ ಬಾಳಗೌಡರ ಮೊಮ್ಮಗನ ಜೋಡಿ ಇತ್ತು."

"ಮೊಣಕಾಲ ನೋವಂತ ನಾ ಬರಲಿಲ್ಲ ಖರೆ, ಸುದ್ದಿ ಬಂತು. ಒಂದ ಕೈಲೆ ಒಗದಿಯಂತ!"

"ಒಂದ ಕೈಲೆ ಯಾಕ ಆಡಿದೆ ಅಂತ ಕೇಳ್ರಿ."

ಕುಸ್ತಿಗೆ ಮುಂಚೆ ಕಣದ ಮಣ್ಣನ್ನು ಒಬ್ಬರ ಮೈಗೊಬ್ಬರು ಹಚ್ಚುವುದು ಪದ್ಧತಿ. ಪರಸಪ್ಪ ಮಣ್ಣು ಹಿಡಿದು ಕೈ ಚಾಚಿದ. ಮೊಮ್ಮಗ ಹಿಂದೆ ಸರಿದು, ತಾನೇ ಬಗ್ಗಿ ತಾನೇ ಹಚ್ಚಿಕೊಂಡ.

ಹಚ್ಚಿಸಿಕೊಳ್ಳದ ಆ ಮಣ್ಣನ್ನು ಚೆಲ್ಲಲು ಪರಸಪ್ಪನಿಗೆ ಮನಸ್ಸು ಬರಲಿಲ್ಲ. ಮುಷ್ಟಿ ಬಿಗಿದ. ಕೋಣನಂಥ ಆಳನ್ನು ಎಡಗೈಯಲ್ಲೇ ಎತ್ತಿ ಒಗೆದ. ಬಿದ್ದ ಸಪ್ಪಳಕ್ಕೆ ಆಚೆ ದಂಡೆಯ ಕೊಕ್ಕರೆಗಳು ಎದ್ದವು, ಇನ್ನೂ ಇಳಿದಿಲ್ಲ. ಮುಷ್ಟಿಯೂ ಬಿಚ್ಚಿರಲಿಲ್ಲ, ಊಟ ಕೂಡ ಎಡಗೈಯಲ್ಲೇ.

"ಆಮ್ಯಾಲ ಪೇಪರಿನವ್ರು, ಅಜ್ಜನಂಗ ಎತ್ತರಿ ಅಂದ್ರು. ಎತ್ತಿದ. ಹಲ್ಲು ಕಿರದ. ಫೋಟೋ ಹೊಡದ್ರು. ನನ್ನ ಇಳಿಸಿದವನ ಸೀದಾ ಹೊಳಿಗೆ ಹೋಗಿ, ಮೂರು ಸಲ ಸಾಬೂನ ಹಚ್ಚಿ ತೊಳಕೊಂಡ."

"ಮಣ್ಣ ತೊಳಕೊಂಡಿರಬೇಕು."

"ಮಣ್ಣ ಎದಿಗೂ ಇತ್ತರಿ. ತೊಳದದ್ದು ಹೆಗಲ ಅಷ್ಟ."

ಪರಸಪ್ಪ ಪಟದ ಕಡೆ ನೋಡಿದ.

"ನಿಮ್ಮ ಪಟದಾಗಿನ ಗೌಡ್ರು ಹಂಗ ಮಾಡಿದ್ದಿಲ್ಲ, ಹೌದಲ್ರಿ?"

ವಸ್ತಾದರು ಗೋಡೆ ಹಿಡಿದು ಎದ್ದರು. ಪಟ ಇಳಿಸಿದರು.

ಹಿಂದೆ ದೀಪ ಇಡುವ ಗೂಡು. ಗೂಡಿನಲ್ಲಿ ಒಂದು ಮಣ್ಣಿನ ಹೆಂಟೆ, ಕಲ್ಲಿನಷ್ಟು ಗಟ್ಟಿ. ಅದರ ಮೇಲೆ ನಾಲ್ಕು ಬೆರಳಿನ ಗುರುತು.

ಪರಸಪ್ಪ ತನ್ನ ಮುಷ್ಟಿ ನೋಡಿಕೊಂಡ.

"ನಲವತ್ತು ವರ್ಷ! ಒಬ್ಬರ ಮುಂದರ ಬಾಯಿ ಬಿಡಲಿಲ್ಲಲ್ರಿ?"

"ಬಾವಿಗೆ ಹಗ್ಗ ಇಳಿಸಿದ್ದು ಆ ಪಟ. ಗರಡಿ ಬಾಗಲಾ ತೆಗದದ್ದು ಆ ಪಟ. ನಾ ಬಾಯಿ ಬಿಟ್ಟಿದ್ರ ನೀ ಕಣಕ್ಕ ಇಳೀತಿದ್ದೇನು?"

"ಇಳದು ಏನ ಸಿಕ್ಕಂಗಾತರಿ ನನಗ?"



ಹೊರಗೆ ಮೋಟಾರ್ ಸೈಕಲ್ ನಿಂತಿತು. ಪೇಪರಿನವನು ಬಾಗಿಲಾಚೆಯಿಂದಲೇ ಕೂಗಿದ: "ಪೈಲ್ವಾನ್ರ, ಗೌಡ್ರ ಮೊಮ್ಮಗನ ದೊಡ್ಡ ಮನಸ್ಸಿನ ಬಗ್ಗೆ ಎರಡು ಮಾತು ಹೇಳ್ರಿ. ನಾಳೆ ಫೋಟೋದ ಕೆಳಗ ಹಾಕ್ತೀವಿ!"

ಪರಸಪ್ಪ ಗುರುವಿನ ಕಡೆ ತಿರುಗಿದ.

"ಏನ ಹೇಳ್ಲಿರಿ, ವಸ್ತಾದ್ರ?"

ವಸ್ತಾದರು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಹೊಳೆಯನ್ನು ಹಿಂದೆ ಸರಿಸಿದ ಕೈ ಗೂಡನ್ನು ತೋರಿಸಿತು.

"ಇಲ್ಲಿಡು, ತಮ್ಮಾ. ಪಟ ದೊಡ್ಡದೈತಿ, ಇದನ್ನೂ ಮುಚ್ಚತೈತಿ."